ರಿವಾಲ್ವರ್ ದೊಡ್ಡ ಡಬ್ಬಿ: ಹಳೇ ಅಭಿಮಾನಿ ಮತ್ತೆ ದುಡ್ಡು ಬಿಚ್ಚಬೇಕೇ?

ಐದು ಸಿಡಿಗಳ ಈ ಡಬ್ಬಿಯಲ್ಲಿ ಹಳೇ ಅಭಿಮಾನಿಗೆ ನಿಜವಾಗಿ ಬೇಕಾದವು ಎರಡು. ಇನ್ನೊಂದು ಬೇಕೋ ಬೇಡವೋ ಅನ್ನೋದು ನಿಮ್ಮ ಕಿವಿಗೆ ಬಿಟ್ಟದ್ದು. ಮತ್ತೊಂದು ನಿಮ್ಮ ಹತ್ತಿರ ಬಹುಶಃ ಆಗಲೇ ಇದೆ. ಐದನೆಯದರ ವಿಷಯಕ್ಕೆ ಆಮೇಲೆ ಬರ್ತೀನಿ, ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತೆ.

ಹೇಳ್ತಿರೋದು ಜಾನ್ ಲೆನನ್, ಪಾಲ್ ಮಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್ ಈ ನಾಲ್ವರ ಇಂಗ್ಲಿಷ್ ಬ್ಯಾಂಡ್ ಬೀಟಲ್ಸ್‌ನ 'ರಿವಾಲ್ವರ್' ಆಲ್ಬಮ್ಮಿನ ಸೂಪರ್ ಡಿಲಕ್ಸ್ ಆವೃತ್ತಿಯ ಬಗ್ಗೆ. ಬಂದದ್ದು 2022ರ ಅಕ್ಟೋಬರ್ 28ಕ್ಕೆ. ಮೂಲ ಆಲ್ಬಮ್ 1966ರ ಆಗಸ್ಟ್ 5ರದು: 14 ಹಾಡು, ಸುಮಾರು 35 ನಿಮಿಷ. ಆ 35 ನಿಮಿಷವನ್ನು ನಾನು ಮೊದಲು ಕೇಳಿದ್ದು ಅಣ್ಣನ ಕ್ಯಾಸೆಟ್ಟಿನಲ್ಲಿ. ಆಮೇಲೆ 1987ರಲ್ಲಿ ಹೊರಬಂದಿದ್ದ ಸಿಡಿ ಕೊಂಡೆ. 2009ರಲ್ಲಿ ಬ್ಯಾಂಡಿನ ಎಲ್ಲ ಆಲ್ಬಮ್ಮುಗಳನ್ನೂ ರೀಮಾಸ್ಟರ್ ಮಾಡಿ, ಅಂದರೆ ಹಳೇ ಟೇಪಿನ ದನಿಯನ್ನು ತಿದ್ದಿ ತೀಡಿ ಬಿಟ್ಟಾಗ ಮತ್ತೆ ಕೊಂಡೆ. ಈಗ ಇದು. ಬ್ಯಾಂಡ್ ಒಡೆದದ್ದು 1970ರಲ್ಲಿ, ಜಾನ್ ಲೆನನ್ ಕೊಲೆಯಾದದ್ದು 1980ರ ಡಿಸೆಂಬರ್ 8ಕ್ಕೆ. ನಾನು ಅಭಿಮಾನಿ ಆಗೋ ಹೊತ್ತಿಗೆ ಅಭಿಮಾನ ಪಡೋಕೆ ಅಲ್ಲಿ ಬ್ಯಾಂಡೇ ಇರಲಿಲ್ಲ. ಹೊಸ ಆಲ್ಬಮ್ ಯಾವಾಗ ಅಂತ ಕಾಯೋದು, ಟಿಕೆಟ್ಟಿಗೆ ಒದ್ದಾಡೋದು, ಮುಂದಿನ ಸಾಲಲ್ಲಿ ನಿಂತು ಗಂಟಲು ಹರಿದುಕೊಳ್ಳೋದು, ಇವೆಲ್ಲ ಬೇರೆ ಬ್ಯಾಂಡುಗಳ ಅಭಿಮಾನಿಗಳ ಭಾಗ್ಯ. ನಮ್ಮ ಪಾಲಿಗೆ ಬರೋದು ಡಬ್ಬಿಗಳು.

ತಂಗಿಯ ಮಗಳು ಡಬ್ಬಿ ನೋಡಿದವಳೇ, "ದೊಡ್ಡಮ್ಮ, ಇವೆಲ್ಲ ಫೋನಲ್ಲೇ ಇದಾವಲ್ಲ?" ಅಂದಳು. ಇದಾವೆ. ಬಚ್ಚಿಟ್ಟು ಪ್ರಯೋಜನವಿಲ್ಲ, ಇದರಲ್ಲಿರೋ 63 ಟ್ರ್ಯಾಕುಗಳೂ ಸ್ಟ್ರೀಮಿಂಗಿನಲ್ಲಿ ಸಿಗುತ್ತವೆ. ಹಾಗಾಗಿ ಈ ವಿಮರ್ಶೆ ದುಡ್ಡು ಕೊಟ್ಟು ಡಬ್ಬಿಯನ್ನೇ ಮನೆಗೆ ತರಬೇಕು ಅನ್ನೋ ಹಟದವರಿಗೆ.

ಮೊದಲನೇ ಡಿಸ್ಕ್ ಹೊಸ ಸ್ಟೀರಿಯೊ ಮಿಕ್ಸ್, ಅಂದರೆ ದನಿ, ವಾದ್ಯಗಳನ್ನು ಎಡಕ್ಕೂ ಬಲಕ್ಕೂ ಹಂಚಿ ಹೊಸದಾಗಿ ಬೆರೆಸಿದ್ದು. ಜೈಲ್ಸ್ ಮಾರ್ಟಿನ್ ಮತ್ತು ಸ್ಯಾಮ್ ಒಕೆಲ್ ಮಾಡಿದ್ದು. ಜೈಲ್ಸ್ ಅಂದರೆ ಮೂಲ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ. ಇದು ಯಾಕೆ ಇಷ್ಟು ತಡವಾಗಿ ಬಂತು ಅನ್ನೋದಕ್ಕೆ ಕಾರಣವಿದೆ. 1966ರಲ್ಲಿ ಇದ್ದದ್ದು ನಾಲ್ಕೇ ಟ್ರ್ಯಾಕಿನ, ಅಂದರೆ ಬೇರೆ ಬೇರೆಯಾಗಿ ದನಿ ಹಿಡಿಯೋ ನಾಲ್ಕೇ ಪಟ್ಟಿಯ ಟೇಪ್. ಡ್ರಮ್ಸ್, ಬೇಸ್, ಗಿಟಾರ್ ಎಲ್ಲವನ್ನೂ ಒಂದೇ ಟ್ರ್ಯಾಕಿಗೆ ತುಂಬಿ, ಉಳಿದ ಜಾಗದಲ್ಲಿ ಹಾಡೋರು. ಒಮ್ಮೆ ಹೀಗೆ ಬೆರೆತದ್ದನ್ನು ಮತ್ತೆ ಬಿಡಿಸೋದು ಹಾಲಿಗೆ ಬೆರೆತ ನೀರನ್ನು ಬೇರೆ ಮಾಡಿದಂತೆ. ಪೀಟರ್ ಜಾಕ್ಸನ್ ಇದೇ ಬ್ಯಾಂಡಿನ ಬಗ್ಗೆ 2021ರಲ್ಲಿ ತಂದ ಸಾಕ್ಷ್ಯಚಿತ್ರಕ್ಕಾಗಿ ಅವರ ತಂಡ ಕಂಪ್ಯೂಟರಿಗೆ ಡ್ರಮ್ಸ್ ಎಂದರೆ ಹೇಗಿರುತ್ತೆ, ಗಿಟಾರ್ ಎಂದರೆ ಹೇಗಿರುತ್ತೆ ಅಂತ ಕಲಿಸಿ ಬೇರ್ಪಡಿಸೋ ಉಪಾಯ ಕಂಡುಕೊಂಡಿತು. ಅದೇ ತಂತ್ರ ಇಲ್ಲಿಗೂ ಬಂತು. 2023ರ ನವೆಂಬರ್‌ನಲ್ಲಿ ಲೆನನ್‌ನ ಹಳೇ ಡೆಮೊ ಕ್ಯಾಸೆಟ್ಟಿನಿಂದ ಅವನ ದನಿಯನ್ನು ಪಿಯಾನೊದಿಂದ ಬಿಡಿಸಿ ಹೊಸ ಹಾಡು ಬಿಟ್ಟರಲ್ಲ, ಅದಕ್ಕೂ ಇದೇ.

ಫಲ? 'ಟ್ಯಾಕ್ಸ್‌ಮನ್' ಕೇಳಿ. ಹಳೇ ಸ್ಟೀರಿಯೊದಲ್ಲಿ ಡ್ರಮ್ಸ್, ಬೇಸ್, ಗಿಟಾರ್ ಮೂರೂ ಎಡಗಿವಿಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಈಗ ಡ್ರಮ್ಸ್ ನಡುವೆ ಬಂದು ಕೂತಿದೆ, ಬೇಸ್ ಎದೆಗೆ ಬಂದು ಬಡಿಯುತ್ತೆ. 'ಎಲಿನಾರ್ ರಿಗ್ಬಿ'ಯದು ಇನ್ನೂ ತಮಾಷೆ. ಹಳೇ ಸ್ಟೀರಿಯೊದಲ್ಲಿ ಚರಣಗಳ ದನಿ ಪೂರಾ ಬಲಗಡೆಗೇ ಇತ್ತು. ನನ್ನ ಇಯರ್‌ಫೋನಿನ ಬಲಗಿವಿ ಸತ್ತುಹೋಗಿದ್ದ ಕಾಲದಲ್ಲಿ ಪಾಲ್ ಮಕಾರ್ಟ್ನಿ ಪಲ್ಲವಿಗೆ ಬಂದು, ಚರಣ ಬಂತೆಂದರೆ ಮಾಯ, ಬರೀ ತಂತಿವಾದ್ಯ. ಅದಕ್ಕೇ ಎಷ್ಟು ಒಗ್ಗಿಹೋಗಿದ್ದೆ ಅಂದರೆ, ಹೊಸ ಮಿಕ್ಸಿನಲ್ಲಿ ಪಾಲ್ ನಟ್ಟನಡುವೆ ನಿಂತು ಹಾಡಿದಾಗ ಇವನ್ಯಾಕೆ ಇಲ್ಲಿಗೆ ಬಂದ ಅನ್ನಿಸಿತು.

ಹೊಸ ಮಿಕ್ಸ್ ಚೆನ್ನಾಗಿದೆ. ಈ ಕಾಲದ ಹೆಡ್‌ಫೋನಿಗೆ ಹೇಳಿ ಮಾಡಿಸಿದಂತಿದೆ. ತಂಗಿಯ ಮಗಳಿಗೆ ಹಳೆಯದು, ಹೊಸದು ಎರಡೂ ಹಾಕಿ ತೋರಿಸಿದೆ, ಒಂದು ಚಣವೂ ಯೋಚಿಸದೆ ಹೊಸದನ್ನೇ ಆರಿಸಿದಳು. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ. ಆದರೆ ಹಳೆಯದರ ಓರೆಕೋರೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡ ಕಿವಿಗೆ ಇದು ಸ್ವಲ್ಪ ಅತಿಶುಚಿ. ಮೆಚ್ಚಿಕೊಂಡೆ. ಮತ್ತೆ ಮತ್ತೆ ಹಾಕಿಕೊಳ್ಳೋದು ಇದನ್ನಲ್ಲ.

ಮತ್ತೆ ಮತ್ತೆ ಹಾಕಿಕೊಳ್ಳೋದು ಎರಡು ಮತ್ತು ಮೂರನೇ ಡಿಸ್ಕುಗಳನ್ನು. ಸ್ಟುಡಿಯೊದಲ್ಲಿ ನಡೆದ ಕೆಲಸದ 31 ತುಣುಕುಗಳು ಇಲ್ಲಿವೆ: ಅರ್ಧಂಬರ್ಧ ಟೇಕುಗಳು (ಒಂದೊಂದು ಸಲ ಹಾಡಿ ರೆಕಾರ್ಡ್ ಮಾಡಿದ್ದು), ಅಭ್ಯಾಸ, ಮಾತು, ನಗು. ಡಿಸ್ಕ್ ಶುರುವಾಗೋದೇ 1966ರ ಏಪ್ರಿಲ್ 6ರಿಂದ. ಆಲ್ಬಮ್ಮಿನಲ್ಲಿ ಕೊನೆಗೆ ಬರೋ 'ಟುಮಾರೊ ನೆವರ್ ನೋಸ್' ನಿಜಕ್ಕೂ ಅವರು ಮೊದಲು ಕೈಹಾಕಿದ ಹಾಡು. ಮೇಜಿನ ಹಿಂದೆ ಕೂತ ಎಂಜಿನಿಯರ್ ಜೆಫ್ ಎಮರಿಕ್‌ಗೆ ಆಗ ಬರೀ 20 ವರ್ಷ, ಬೀಟಲ್ಸ್‌ಗೆ ಮುಖ್ಯ ಎಂಜಿನಿಯರ್ ಆಗಿ ಅದೇ ಮೊದಲ ದಿನ. ಮೊದಲ ಟೇಕ್ ನೀರೊಳಗೆ ಮುಳುಗಿ ಬಾರಿಸಿದಂತೆ ಭಾರವಾಗಿದೆ. ಬೆಟ್ಟದ ತುದಿಯಿಂದ ದಲೈ ಲಾಮಾ ಹಾಡಿದಂತೆ ಕೇಳಿಸಬೇಕು ಅಂತ ಜಾನ್ ಕೇಳಿದ್ದ, ಇವರು ಅವನ ದನಿಯನ್ನು ಆರ್ಗನ್ನಿನ ತಿರುಗೋ ಸ್ಪೀಕರಿಗೆ ಜೋಡಿಸಿಬಿಟ್ಟರು. ಇದರ ಹಿಂದೆಯೇ ಹಾಡಿನ ಇನ್ನೊಂದು ಮೊನೊ ಮಿಕ್ಸ್ ಇದೆ (ಮೊನೊ ಅಂದರೆ ಎಡ ಬಲ ಅನ್ನೋ ಭೇದವಿಲ್ಲದೆ ಎಲ್ಲ ಒಂದಾಗಿ ಕೇಳಿಸೋದು). 1966ರಲ್ಲಿ ಬ್ರಿಟನ್ನಿನಲ್ಲಿ ಅಚ್ಚಾದ ಮೊಟ್ಟಮೊದಲ ಕೆಲವು ಮೊನೊ ಎಲ್‌ಪಿಗಳಲ್ಲಿ ಮಾತ್ರ ಸೇರಿ, ಆಮೇಲೆ ಬದಲಾದದ್ದು ಅದು. ಆ ಎಲ್‌ಪಿಗಾಗಿ ಸಂಗ್ರಹಕಾರರು ಏನೆಲ್ಲ ಮಾಡ್ತಾರೆ ಅನ್ನೋದು ಬಲ್ಲವರಿಗೆ ಗೊತ್ತು. ಇಲ್ಲಿ ಅದು ಎರಡನೇ ಟ್ರ್ಯಾಕ್, ಅಷ್ಟೇ.

ಆಲ್ಬಮ್ಮಿಗೆ ಸೇರದ, ಆದರೆ ಅದೇ ದಿನಗಳಲ್ಲಿ ರೆಕಾರ್ಡಾದ 'ರೇನ್' ಹಾಡು ಎರಡು ಬಗೆಯಲ್ಲಿದೆ. ವಾದ್ಯಗಳನ್ನು ವೇಗವಾಗಿ ಬಾರಿಸಿ ರೆಕಾರ್ಡ್ ಮಾಡಿ, ಆಮೇಲೆ ಟೇಪನ್ನು ನಿಧಾನ ಮಾಡಿದ್ದರಿಂದ ಆ ಹಾಡಿಗೆ ತೂಕಡಿಕೆಯ ಭಾರ ಬಂತು ಅಂತ ಓದಿದ್ದೆ. ಓದೋದು ಬೇರೆ. ನಿಜವಾದ ವೇಗದ ಟೇಕ್ ಕೇಳಿದಾಗ ಮೂರು ಜನ ಓಡೋ ಓಟ, ರಿಂಗೊ ಸ್ಟಾರ್‌ನ ಕೈ! ತಾನು ಬಾರಿಸಿದ್ದರಲ್ಲೆಲ್ಲ ಇದೇ ಅತ್ಯುತ್ತಮ ಅಂತ ರಿಂಗೊ ತಾನೇ ಹೇಳಿಕೊಂಡ ಹಾಡು ಇದು. ಅದರ ಹಿಂದೆಯೇ ಅದೇ ಟೇಕ್ ನಿಧಾನವಾಗಿ ಬರುತ್ತೆ. ಎರಡನ್ನೂ ಬೆನ್ನಿಗೆ ಬೆನ್ನು ಕೇಳಿ.

'ಲವ್ ಯೂ ಟು' ನಮ್ಮಲ್ಲಿ ಸಿತಾರ್ ಹಾಡು ಅಂತಲೇ ಹೆಸರಾದದ್ದು. ತಬಲಾ ನುಡಿಸಿದ ಅನಿಲ್ ಭಾಗವತ್ ಹೆಸರು 1966ರ ಎಲ್‌ಪಿ ಕವರಿನ ಮೇಲೇ ಇತ್ತು. ಆದರೆ ಮೊದಲ ಟೇಕಿನಲ್ಲಿ ತಬಲಾವೂ ಇಲ್ಲ, ಸಿತಾರೂ ಇಲ್ಲ. ಜಾರ್ಜ್ ಹ್ಯಾರಿಸನ್ ಅಕೌಸ್ಟಿಕ್ ಗಿಟಾರ್ ಹಿಡಿದು ಹಾಡ್ತಾನೆ. 'ಗಾಟ್ ಟು ಗೆಟ್ ಯೂ ಇಂಟು ಮೈ ಲೈಫ್'ನ ಒಂದು ಮಿಕ್ಸಿನಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್ ಇನ್ನೂ ಬಂದಿಲ್ಲ, ಆ ಜಾಗದಲ್ಲಿ ಕರಕರ ಗಿಟಾರ್. ನನಗೆ ಇದೇ ಹೆಚ್ಚು ಇಷ್ಟ. ಅಣ್ಣನಿಗೆ ಹೇಳಿದರೆ "ನಿನಗೆ ಕಿವಿ ಕೆಟ್ಟಿದೆ ಕಣೇ" ಅಂತಾನೆ.

'ಎಲಿನಾರ್ ರಿಗ್ಬಿ'ಗೆ ಮುಂಚಿನ ಮಾತುಕತೆ ನನ್ನ ಪಾಲಿಗೆ ಇಡೀ ಡಬ್ಬಿಯ ಮುತ್ತು. ಎಂಟು ಜನ ತಂತಿವಾದ್ಯದವರು: ನಾಲ್ಕು ವಯಲಿನ್, ಎರಡು ವಯೋಲಾ, ಎರಡು ಚೆಲ್ಲೊ. ಸ್ವರವನ್ನು ನಡುಗಿಸಿ ಒಮ್ಮೆ, ನೇರ ಎಳೆದು ಒಮ್ಮೆ ನುಡಿಸಿ ಅಂತ ಜಾರ್ಜ್ ಮಾರ್ಟಿನ್ ಕೇಳ್ತಾರೆ. ಅವರು ನುಡಿಸ್ತಾರೆ. ವ್ಯತ್ಯಾಸ ಗೊತ್ತಾಯ್ತಾ ಅಂತ ಪಾಲ್‌ನನ್ನು ಕೇಳಿದರೆ ಅವನಿಗೆ ಅಷ್ಟೇನೂ ಗೊತ್ತಾಗಿಲ್ಲ! ಜಗತ್ತೆಲ್ಲ ತಲೆಮೇಲಿಟ್ಟುಕೊಂಡ ಹಾಡಿನ ಯಜಮಾನ ಅಲ್ಲಿ ಯಾವುದಾದರೂ ಆದೀತು ಅನ್ನೋ ಹುಡುಗ. ಮಾತು ಮುಗಿದು ಅವರು ನುಡಿಸಲು ತೊಡಗಿದರೆ ಹಾಡುವ ದನಿಯೇ ಇಲ್ಲ, ಆದರೂ ನಾನು ಒಳಗೊಳಗೇ ಹಾಡಿಕೊಳ್ತಿರ್ತೀನಿ.

ಆಮೇಲೆ 'ಯೆಲ್ಲೊ ಸಬ್‌ಮರೀನ್'. ಮಕ್ಕಳ ಹಾಡು, ರಿಂಗೊ ಹಾಡಿದ್ದು, ಪಾಲ್ ಕಟ್ಟಿದ್ದು ಅಂತಲೇ ನಾವೆಲ್ಲ ನಂಬಿಕೊಂಡು ಬಂದದ್ದು. ಬೀಟಲ್ಸ್ ಅಭಿಮಾನಿ ಅಂದ ಕೂಡಲೇ ಜನ ಇದನ್ನೇ ಹಾಡಿ ಕಿಚಾಯಿಸುವಾಗ ಸಾಕಪ್ಪಾ ಅನ್ನಿಸಿದ್ದೂ ಉಂಟು. ಇಲ್ಲಿ ಜಾನ್ ಒಬ್ಬನೇ ಗಿಟಾರ್ ಮೀಟುತ್ತಾ ಹಾಡಿದ ಟೇಪಿನ ತುಣುಕಿದೆ. ತಾನು ಹುಟ್ಟಿದ ಊರಲ್ಲಿ ತನ್ನನ್ನು ಯಾರೂ ಕೇಳೋರಿರಲಿಲ್ಲ ಅನ್ನೋ ಅರ್ಥದ ಸಾಲು, ಅದೇ ರಾಗ. ಜಲಾಂತರ್ಗಾಮಿ ಇಲ್ಲ, ಹಳದಿಯೂ ಇಲ್ಲ. ಒಂದು ನಿಮಿಷದ ಆ ತುಣುಕು ಇಷ್ಟು ವರ್ಷ ನಾನು ಹಾರಿಸಿ ಮುಂದೆ ಹೋಗ್ತಿದ್ದ ಹಾಡನ್ನು ಮತ್ತೆ ನನ್ನೆದುರು ತಂದು ಕೂರಿಸಿತು. ಅಭಿಮಾನ ಇಷ್ಟು ಹಳೆಯದಾದ ಮೇಲೆ ಹಾಡಿನಲ್ಲಿ ಗೊತ್ತಿಲ್ಲದ್ದು ಏನೂ ಉಳಿದಿರೋದಿಲ್ಲ. ಇಂಥ ಡಿಸ್ಕಿನಲ್ಲಿ ಮಾತ್ರ ಆ ನಾಲ್ವರಿಗೇ ಹಾಡು ಇನ್ನೂ ಗೊತ್ತಿಲ್ಲದ ಗಳಿಗೆ ಕೇಳಿಸುತ್ತೆ. ದುಡ್ಡು ಹೋದದ್ದು ಅದಕ್ಕೆ, ಬೇಸರವಿಲ್ಲ.

ನಾಲ್ಕನೇ ಡಿಸ್ಕ್ ಮೊನೊ, 1966ರದ್ದೇ. ಇಲ್ಲಿ ನಮ್ಮ ಮನೆಯ ಹಳೇ ಜಗಳ ಇದೆ. ಅಣ್ಣ ಮೊನೊ ಪಕ್ಷ. ಆ ಕಾಲದಲ್ಲಿ ಬ್ಯಾಂಡ್ ಎದುರು ಕೂತು ಮುತುವರ್ಜಿಯಿಂದ ಮಾಡಿಸಿದ್ದು ಮೊನೊ ಮಿಕ್ಸನ್ನೇ, ಸ್ಟೀರಿಯೊ ಅನ್ನೋದು ಆಮೇಲಿನ ಗಡಿಬಿಡಿ ಕೆಲಸ ಅಂತ ಅವನ ವಾದ. ವಾದದಲ್ಲಿ ಹುರುಳಿದೆ. 'ಲವ್ ಯೂ ಟು' ಮೊನೊದಲ್ಲಿ ಇನ್ನೂ ಸ್ವಲ್ಪ ಹೊತ್ತು ಓಡುತ್ತೆ, 'ಟ್ಯಾಕ್ಸ್‌ಮನ್'ನ ಕೌಬೆಲ್ ಗಂಟೆಯ ಸದ್ದು ಶುರುವಾಗೋ ಜಾಗ ಬೇರೆ, 'ಐಯಾಮ್ ಓನ್ಲಿ ಸ್ಲೀಪಿಂಗ್'ನ ಟೇಪನ್ನು ಉಲ್ಟಾ ಓಡಿಸಿದ ಗಿಟಾರ್ ಬೇರೆ ಬೇರೆ ಕಡೆ ಇಣುಕುತ್ತೆ. ಆದರೆ 2009ರ ಮೊನೊ ಪೆಟ್ಟಿಗೆ ಕೊಂಡವರ ಬಳಿ ಇದೆಲ್ಲ ಇದ್ದೇ ಇದೆ.

ಡಬ್ಬಿಯ ಜೊತೆಗೆ ಬರೋ ಪುಸ್ತಕ 100 ಪುಟದ್ದು, ಗಟ್ಟಿ ರಟ್ಟು. ಪಾಲ್ ಮುನ್ನುಡಿ ಚಿಕ್ಕದು, ಮರ್ಯಾದೆಗೆ ಬರೆದಂತಿದೆ. ಬೀಟಲ್ಸ್ ಇತಿಹಾಸ ಬರೆಯೋ ಕೆವಿನ್ ಹೌಲೆಟ್ ಹಾಡುಹಾಡಿಗೂ ಬರೆದ ಟಿಪ್ಪಣಿ ಓದದೆ ಎರಡು, ಮೂರನೇ ಸೆಷನ್ ಡಿಸ್ಕುಗಳನ್ನು ಹಾಕಬೇಡಿ. ಕಲಾವಿದ ಕ್ಲಾಸ್ ವೂರ್ಮನ್ ಆಲ್ಬಮ್ಮಿನ ಆ ಕಪ್ಪುಬಿಳುಪಿನ ಮುಖಪುಟ ಮಾಡಿದ ಕಥೆಯನ್ನು ಚಿತ್ರಗಳಲ್ಲೇ ಹೇಳಿದ್ದಾರೆ, ಅದು ಚಂದ. ಡಬ್ಬಿ ಎಲ್‌ಪಿಯಷ್ಟು ಅಗಲ, ಸಿಡಿ ಇಡೋ ಗೂಡಿಗೆ ಹಿಡಿಯೋದಿಲ್ಲ. ನನ್ನದು ಬೀರುವಿನ ಮೇಲಿದೆ.

ಈಗ ಐದನೆಯದು. ಅದನ್ನು ಅವರು ಇಪಿ ಅಂತಾರೆ, ಅಂದರೆ ಕೆಲವೇ ಹಾಡಿನ ಚಿಕ್ಕ ರೆಕಾರ್ಡು. 'ಪೇಪರ್‌ಬ್ಯಾಕ್ ರೈಟರ್', 'ರೇನ್', ಒಮ್ಮೆ ಸ್ಟೀರಿಯೊದಲ್ಲಿ, ಒಮ್ಮೆ ಮೊನೊದಲ್ಲಿ. ಮುಗೀತು. ನಾಲ್ಕೇ ಟ್ರ್ಯಾಕಿಗೆ ಒಂದು ಇಡೀ ಸಿಡಿ! ಮೊನೊ ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದಿದೆ, ಅದರ ಬಾಲಕ್ಕೆ ಸೇರಿಸಿದ್ದರೆ ಏನು ಗಂಟು ಹೋಗ್ತಿತ್ತು? ಡಬ್ಬಿಯ ಮೇಲೆ 'ಐದು' ಅಂತ ಅಚ್ಚಾಗಬೇಕು, ಅದಕ್ಕೆ. ಇನ್ನೊಂದು ಕೊರತೆಯೂ ಇದೆ. 2017ರಿಂದ 2021ರವರೆಗೆ ಬಂದ ಇದೇ ಸಾಲಿನ ದೊಡ್ಡ ಡಬ್ಬಿಗಳಲ್ಲಿ ಸುತ್ತಲಿನ ಸ್ಪೀಕರುಗಳಿಂದ ಕೇಳೋ ಸರೌಂಡ್ ಮಿಕ್ಸಿನ ಬ್ಲೂ-ರೇ ಡಿಸ್ಕ್ ಇತ್ತು. ಇದರಲ್ಲಿ ಇಲ್ಲ. ಅಟ್ಮಾಸ್ ಅನ್ನೋ ಅಂಥದೇ ಮಿಕ್ಸ್ ಮಾಡಿದ್ದಾರೆ, ಆದರೆ ಸ್ಟ್ರೀಮಿಂಗಿಗೆ ಮಾತ್ರ. ದೊಡ್ಡ ಡಬ್ಬಿ ಕೊಳ್ಳೋರು ಎಂಥ ಜನ ಅಂತ ಗೊತ್ತಿದ್ದೂ, ಮಿಕ್ಸ್ ತಯಾರಿದ್ದೂ, ಡಿಸ್ಕ್ ಹಾಕಿಲ್ಲ. ಹೇಗೂ ಕೊಳ್ತಾರೆ ಅನ್ನೋ ಧೈರ್ಯ. ಕೊಂಡೆವು ಅನ್ನಿ. ಆದರೆ ಬ್ಯಾಂಡಿನ ಮೇಲೆ ಪ್ರೀತಿ ಇದೆ ಅಂತ ಅದರ ಹೆಸರಲ್ಲಿ ಮಾರೋ ಎಲ್ಲದಕ್ಕೂ ತಲೆಯಾಡಿಸಬೇಕು ಅಂತೇನಿಲ್ಲ. ನನಗೆ ಗೊತ್ತಿರೋ ಗಟ್ಟಿ ಅಭಿಮಾನಿಗಳೆಲ್ಲ ಗೊಣಗೋದರಲ್ಲೂ ಗಟ್ಟಿಗರೇ.

ಯಾರಿಗೆ ಏನು ಅಂತ ಹೇಳಬೇಕೆಂದರೆ: ಈ ಆಲ್ಬಮ್ಮನ್ನು ಮೊದಲ ಬಾರಿ ಕೇಳೋರಿಗೆ ಡಬ್ಬಿ ಬೇಡ, ಹೊಸ ಮಿಕ್ಸನ್ನು ಫೋನಲ್ಲೇ ಕೇಳಿ. ಹಾಡುಗಳು ಗೊತ್ತು, ಹುಚ್ಚು ಇಲ್ಲ ಅನ್ನೋರಿಗೆ ಎರಡು ಸಿಡಿಯ ಚಿಕ್ಕ ಆವೃತ್ತಿ ಇದೆ, ಸೆಷನ್ನಿನ ಆಯ್ದ ತುಣುಕುಗಳು ಅದರಲ್ಲೂ ಸಿಗುತ್ತವೆ. ಹುಚ್ಚಿದ್ದೋರು ನನ್ನ ಮಾತು ಕೇಳಿ ನಿಲ್ಲೋದಿಲ್ಲ. ಅವರು ಬೆಲೆ ಇಳಿಯುವ ತನಕ ಕಾಯಲಿ, ಮೊದಲ ಡಿಸ್ಕನ್ನು ಹಾಗೇ ಪಕ್ಕಕ್ಕಿಟ್ಟು ಎರಡನೆಯದರಿಂದ ಶುರುಮಾಡಲಿ.