ಎಸ್‌ಟಿಸಿ-1000 ಥರ್ಮೋಸ್ಟಾಟ್: ಚಿಕ್ಕಬಳ್ಳಾಪುರದ ಚಳಿಗಾಲಗಳಲ್ಲಿ ಹಾವಿನ ಗೂಡು ಕಾಯ್ದ ಬಗೆ

ಹಾವು ಸಾಕುವವರು ಮೊದಲು ದುಡ್ಡು ಹಾಕಬೇಕಾದದ್ದು ಹೀಟರಿಗಲ್ಲ, ಅದನ್ನು ಅಂಕೆಯಲ್ಲಿಡುವ ಥರ್ಮೋಸ್ಟಾಟಿಗೆ. ಹಲವು ಚಳಿಗಾಲ ಬಳಸಿದ ಮೇಲೂ ಎಸ್‌ಟಿಸಿ-1000 ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇದೆ. ಆದರೆ ಅದರ ಶಾಖ ಅಳೆಯುವ ಸೆನ್ಸರನ್ನು ಎಲ್ಲಿ ಕೂರಿಸುತ್ತೀರಿ ಎಂಬುದರ ಮೇಲೆ ಪ್ರಾಣಿಯ ಜೀವ ನಿಂತಿದೆ.

ನಮ್ಮ ಮನೆಯಲ್ಲಿರುವುದು ಬಾಲ್ ಪೈಥಾನ್, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಕೇರೆ, ನಾಗರಗಳಂಥ ನಮ್ಮ ನೆಲದ ಹಾವುಗಳನ್ನು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಮನೆಯಲ್ಲಿ ಸಾಕುವಂತಿಲ್ಲ. ಬಾಲ್ ಪೈಥಾನ್ ಇಟ್ಟುಕೊಂಡವರೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಗೂಡಿನ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇದ್ದರೆ ಅದು ಬೇಕಾದ ಕಡೆ ಹರಿದುಹೋಗಿ ಮೈಯ ಬಿಸಿಯನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಚಳಿ ಹೆಚ್ಚಾದರೆ ತಿಂದ ಇಲಿ ಅರಗದೆ ಕಕ್ಕಿಬಿಡುತ್ತದೆ, ಉಸಿರಾಟದ ಸೋಂಕೂ ಅಂಟಿಕೊಳ್ಳುತ್ತದೆ. ನಂದಿ ಬೆಟ್ಟದ ಬುಡದ ಈ ಊರಿನಲ್ಲಿ ಜನವರಿಯ ನಸುಕಿಗೆ ಉಷ್ಣಾಂಶ 15ರ ಆಸುಪಾಸಿಗೆ ಇಳಿಯುತ್ತದೆ. ಕಿಟಕಿ ಮುಚ್ಚಿದರಷ್ಟೇ ಸಾಲದು.

ಎಸ್‌ಟಿಸಿ-1000 ಹಾವಿಗೆಂದೇ ಮಾಡಿದ್ದಲ್ಲ. ಕೋಳಿಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಗಳಿಗೂ ಇದನ್ನೇ ಹಾಕುತ್ತಾರೆ. ಒಳಗೆ ಬಿಸಿಗೊಂದು, ತಂಪಿಗೊಂದು ರಿಲೇ, ಅಂದರೆ ಕರೆಂಟ್ ಹರಿಸಿ ನಿಲ್ಲಿಸುವ ಸ್ವಿಚ್, ಇದೆ. ನನಗೆ ಬೇಕಾದದ್ದು ಬಿಸಿಯದ್ದು ಮಾತ್ರ; ಬಲ್ಬಿನಂತೆ ಹೋಲ್ಡರಿಗೆ ಹಾಕುವ ನೂರು ವ್ಯಾಟ್‌ನ ಸೆರಾಮಿಕ್ ಹೀಟರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಯಂತ್ರದ ಸೆಟ್ಟಿಂಗ್‌ಗಳಲ್ಲಿ ಎಫ್1ರಲ್ಲಿ ಬೇಕಾದ ಶಾಖ, ಎಫ್2ರಲ್ಲಿ ಎಷ್ಟು ಇಳಿದ ಮೇಲೆ ಹೀಟರ್ ಹೊತ್ತಬೇಕು ಎಂಬ ಅಂತರ. ಸೆರಾಮಿಕ್ ಆರಿದ ಮೇಲೂ ಸ್ವಲ್ಪ ಹೊತ್ತು ಕಾವು ಬಿಡುತ್ತಲೇ ಇರುತ್ತದೆ, ಹಾಗಾಗಿ 32 ಬೇಕಾದಾಗ 31.5ಕ್ಕೆ ಇಡುವುದು ಒಳ್ಳೆಯದು. ಕರೆಂಟ್ ಹೋಗಿ ಬಂದರೂ ಇಟ್ಟ ಸಂಖ್ಯೆ ಮರೆಯುವುದಿಲ್ಲ. ನಮ್ಮ ಕಡೆ ಇದೇ ದೊಡ್ಡ ಗುಣ.

ಕೊರತೆಯೂ ಇದೆ. ಡಬ್ಬಿಯ ಹಿಂಬದಿಯಲ್ಲಿ ವೈರ್ ಸಿಕ್ಕಿಸುವ ಸ್ಕ್ರೂಗಳು ಬಯಲಿಗೇ ಇರುತ್ತವೆ, ಅವುಗಳಲ್ಲಿ 230 ವೋಲ್ಟ್ ಹರಿಯುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಿಕೊಳ್ಳದೆ ಮುಟ್ಟಬೇಡಿ.

ಇನ್ನು ಸೆನ್ಸರ್. ಅದು ತುಂಡಾದರೆ ಯಂತ್ರ ಇಇ ಎಂದು ತೋರಿಸಿ ಹೀಟರನ್ನು ಆರಿಸುತ್ತದೆ, ಅದು ಸರಿ. ಆದರೆ ಹಾವು ಮೈ ತಿರುವಿ ಸೆನ್ಸರನ್ನು ತಂಪು ಮೂಲೆಗೆ ತಳ್ಳಿದರೆ, ಇಲ್ಲವೇ ನೀರಿನ ಬಟ್ಟಲು ಉರುಳಿ ಅದು ನೆನೆದರೆ, ಯಂತ್ರಕ್ಕೆ ಗೂಡು ತಣ್ಣಗಿದೆ ಎಂದೇ ಕಾಣುತ್ತದೆ. ಹೀಟರ್ ಉರಿಯುತ್ತಲೇ ಇರುತ್ತದೆ. ಬಿಸಿ ತಾಗುತ್ತಿದ್ದರೂ ಅಲ್ಲಿಂದ ಸರಿಯದೆ ಸುಟ್ಟುಕೊಂಡ ಹಾವುಗಳುಂಟು. ಆದ್ದರಿಂದ ಹಾವು ಮಲಗಿದಾಗ ಅದರ ಬೆನ್ನು ಬರುವ ಎತ್ತರಕ್ಕೆ, ಬಿಸಿ ತುದಿಯ ಗೋಡೆಗೆ ಸೆನ್ಸರನ್ನು ಕ್ಲಿಪ್ ಹಾಕಿ ಬಿಗಿಯಿರಿ. ಅಂಟುಪಟ್ಟಿ ಬೇಡ, ಕಾವಿಗೆ ಬಿಟ್ಟುಕೊಂಡು ಹಾವಿನ ಚರ್ಮಕ್ಕೇ ಅಂಟುತ್ತದೆ. ಹೀಟರಿಗೆ ತಂತಿಯ ಬಲೆ ಕಡ್ಡಾಯ, ಹೋಲ್ಡರ್ ಪಿಂಗಾಣಿಯದ್ದೇ ಆಗಿರಲಿ.

ರಿಲೇ ಒಮ್ಮೊಮ್ಮೆ ಕಚ್ಚಿಕೊಂಡು ಬಿಡದೆ ನಿಲ್ಲುವುದುಂಟು. ಅದಕ್ಕೆ ನಾನು ಇನ್ನೊಂದು ಎಸ್‌ಟಿಸಿ-1000ನ್ನು ಹೀಟರಿಗೆ ಹೋಗುವ ಅದೇ ವೈರಿನ ಸಾಲಿನಲ್ಲಿ ಸೇರಿಸಿ 35ಕ್ಕೆ ಇಟ್ಟಿದ್ದೇನೆ. ಮೊದಲನೆಯದು ಕೈಕೊಟ್ಟರೆ ಎರಡನೆಯದು ಕರೆಂಟ್ ಕಡಿಯುತ್ತದೆ. ಜೀವವಿರುವ ಗೂಡಿಗೆ ಈ ಖರ್ಚು ಹೆಚ್ಚೇನಲ್ಲ.

ಈ ಯಂತ್ರ ತೇವವನ್ನು ನೋಡುವುದಿಲ್ಲ, ಸೆರಾಮಿಕ್ ಹೀಟರ್ ಗಾಳಿಯನ್ನು ಒಣಗಿಸುತ್ತದೆ. ಶಿಡ್ಲಘಟ್ಟದ ಬಳಿ ಚಾಕಿ (ರೇಷ್ಮೆಯ ಎಳೆ ಹುಳು) ಸಾಕಣೆ ನಡೆಸುವ ನಮ್ಮ ದೊಡ್ಡಪ್ಪ ಗೂಡು ನೋಡಿದ ಕೂಡಲೇ, “ಶಾಖ ಸರಿ ಇದೆ ಕಣಪ್ಪಾ, ತೇವ ಎಲ್ಲಿ?” ಎಂದು ಕೇಳಿದರು. 27–28 ಡಿಗ್ರಿಯ ಜೊತೆ ಶೇ 80–90 ತೇವ ಕಾಯ್ದು ಮರಿಹುಳು ಬೆಳೆಸುವವರ ಕಣ್ಣು ಅದು. ಬಾಲ್ ಪೈಥಾನ್‌ಗೆ ಶೇ 60ರ ಸುತ್ತ ಸಾಕು; ಕಡಿಮೆಯಾದರೆ ಪೊರೆ ಚೂರು ಚೂರಾಗಿ ಕಳಚಿ, ಕಣ್ಣಿನ ಮೇಲಿನದು ಅಂಟಿಕೊಂಡೇ ಉಳಿಯುತ್ತದೆ. ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ತಳಕ್ಕೆ ಹಾಸಿ, ಮೇಲಿನ ಜಾಲರಿಯ ಬಹುಭಾಗವನ್ನು ಹೀಟರಿನಿಂದ ದೂರಕ್ಕೆ ಬರುವಂತೆ ಮುಚ್ಚಿದ ಮೇಲೆ ತೇವವೂ ನಿಂತಿತು, ಹೀಟರ್ ಹೊತ್ತುವುದೂ ಕಡಿಮೆಯಾಯಿತು.

ಹೀಟ್ ಮ್ಯಾಟ್ ಬಳಸುವವರಿಗೂ ಇದೇ ಯಂತ್ರ ಆಗುತ್ತದೆ. ಆದರೆ ಮ್ಯಾಟ್ ನೆಲವನ್ನು ಕಾಯಿಸುತ್ತದೆಯೇ ಹೊರತು ಗಾಳಿಯನ್ನಲ್ಲ. ನಮ್ಮ ಡಿಸೆಂಬರಿಗೆ ಅದೊಂದೇ ಸಾಕಾಗದು.