ಹನ್ನೊಂದು ವರ್ಷ ಓಡಿಸಿದ ಮೇಲೆ: ಡಬಲ್ ಓ ಅಳತೆಯ 16 ಟನ್ ಕಲ್ಲಿದ್ದಲು ವ್ಯಾಗನ್ ಕಿಟ್

ಇಂಗ್ಲೆಂಡಿನ ಯಾರ್ಕ್‌ಷೈರಿಗೆ ಬಂದ ಎರಡನೇ ಚಳಿಗಾಲದಲ್ಲಿ ನಮ್ಮೂರಿನ ಮಾದರಿ ರೈಲು ಕ್ಲಬ್ಬಿಗೆ ಸೇರಿದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಾ ಬೆಳೆದವನಿಗೆ ಅಲ್ಲಿಗೆ ಹೋಗಲು ಬೇರೆ ಕಾರಣ ಬೇಕಿರಲಿಲ್ಲ. ಕ್ಲಬ್ಬಿನ ಲೇಔಟು 1960ರ ಆಸುಪಾಸಿನ ಒಂದು ಕಲ್ಲಿದ್ದಲು ಗಣಿಯ ಕವಲು ದಾರಿ. ಮೊದಲ ದಿನವೇ ಕೈಗೆ ಒಂದು ಪ್ಲಾಸ್ಟಿಕ್ ಕಿಟ್ ಕೊಟ್ಟು, ಇದನ್ನು ಕೂಡಿಸಿಕೊಂಡು ಬಾ, ಆಮೇಲೆ ಮಾತಾಡೋಣ ಅಂದರು. ಅದಾಗಿ ಹನ್ನೊಂದು ವರ್ಷ. ಇದುವರೆಗೆ ಎರಡು ಕಂಪನಿಗಳ ಕಿಟ್‌ಗಳಿಂದ 34 ವ್ಯಾಗನ್ ಕಟ್ಟಿದ್ದೇನೆ, ಅವುಗಳಲ್ಲಿ 26 ಇವತ್ತಿಗೂ ಕ್ಲಬ್ಬಿನಲ್ಲಿ ಓಡುತ್ತಿವೆ. ಎರಡೂ ಕಂಪನಿಯವು ಗುಣದಲ್ಲಿ ಅಣ್ಣತಮ್ಮಂದಿರಂತೆ ಇರುವುದರಿಂದ ಒಟ್ಟಿಗೇ ಬರೆಯುತ್ತಿದ್ದೇನೆ.

ಅಸಲಿ ಗಾಡಿಯ ಬಗ್ಗೆ ಎರಡು ಮಾತು. ಬ್ರಿಟಿಷ್ ರೈಲ್ವೇಸ್ ತನ್ನ 16 ಟನ್ ಉಕ್ಕಿನ ಮಿನರಲ್ ವ್ಯಾಗನ್ನುಗಳನ್ನು 2 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಕಟ್ಟಿಸಿತು. ನಾಲ್ಕೇ ಗಾಲಿ, ಮೇಲೆ ಮುಚ್ಚಳವಿಲ್ಲದ ಡಬ್ಬ, ಗಾಲಿಗಳ ಎರಡು ಅಚ್ಚುಗಳ ನಡುವೆ 9 ಅಡಿ. ಬಂದರುಗಳಲ್ಲಿ ಇಡೀ ವ್ಯಾಗನ್ನನ್ನು ಒಂದು ತುದಿಗೆ ಎತ್ತಿ ಕಲ್ಲಿದ್ದಲನ್ನು ಹಡಗಿಗೆ ಸುರಿಯುತ್ತಿದ್ದರು. ಅದಕ್ಕಾಗಿ ಒಂದು ತುದಿಯ ಗೋಡೆಯೇ ಬಾಗಿಲು. ಆ ಬಾಗಿಲು ಯಾವ ತುದಿಯಲ್ಲಿದೆ ಎಂದು ದೂರದಿಂದಲೇ ತಿಳಿಯಲಿ ಅಂತ ಪಕ್ಕದ ಗೋಡೆಯ ಮೇಲೆ ಓರೆಯಾಗಿ ಒಂದು ಬಿಳಿ ಪಟ್ಟೆ. 1960ರ ಗಣಿ ದಾರಿ ಮಾಡಬೇಕೆಂದರೆ ಇಂಥವು ಹತ್ತಿಪ್ಪತ್ತು ಇರಲೇಬೇಕು.

ಡಬಲ್ ಓ ಅಂದರೆ ಅಡಿಗೆ 4 ಮಿಲಿಮೀಟರ್, ಹೆಚ್ಚುಕಡಿಮೆ 1:76. ಆ ಲೆಕ್ಕದಲ್ಲಿ ವ್ಯಾಗನ್ನಿನ ಉದ್ದ, ತುದಿಯಲ್ಲಿ ಗುದ್ದು ತಡೆಯುವ ಬಫರ್ ಬಿಟ್ಟು, 66 ಮಿಮೀ, ಅಚ್ಚುಗಳ ಅಂತರ 36 ಮಿಮೀ. ಎರಡು ಹಳಿಗಳ ನಡುವಿನ ಅಂತರ ಮಾತ್ರ 16.5 ಮಿಮೀ. ಲೆಕ್ಕಕ್ಕೆ ಅದು ಕಿರಿದಾಯಿತು, ನಿಖರತೆ ಬೇಕಾದವರು 18.83ರ ಹಳಿಗೆ ಹೋಗುತ್ತಾರೆ. ಪ್ರದರ್ಶನದಲ್ಲಿ ಪಕ್ಕದಿಂದ ನೋಡುವವರಿಗೆ ಇದು ಕಾಣುವುದಿಲ್ಲ, ನನಗೂ ಬಾಧಿಸಿಲ್ಲ.

ಪೆಟ್ಟಿಗೆಯಲ್ಲಿ ಬರುವುದು ನಾಲ್ಕು ಗೋಡೆ, ನೆಲ, ಅಚ್ಚುಪೆಟ್ಟಿಗೆಗಳಿರುವ ಎರಡು ಪಕ್ಕದ ತೊಲೆ, ಬ್ರೇಕಿನ ಚಿಕ್ಕ ಚಿಕ್ಕ ತುಂಡುಗಳು, ಲೋಹದ ಗಾಲಿ, ಅಚ್ಚಿನ ಮೊನೆ ಕೂರಲು ಹಿತ್ತಾಳೆಯ ಪುಟ್ಟ ಬಟ್ಟಲು, ಗೋಡೆಗೆ ಅಂಟಿಸುವ ಅಕ್ಷರ-ಅಂಕಿಗಳ ತೆಳು ಟ್ರಾನ್ಸ್‌ಫರ್. ಪ್ಲಾಸ್ಟಿಕ್ ಎರಕದ ಕೆಲಸ ಚೆನ್ನಾಗಿದೆ, ರಿವೆಟ್ಟುಗಳು ಹರಿತವಾಗಿ ಮೂಡಿವೆ. ಒಂದು ಕಂಪನಿಯ ಎರಕದ ಅಚ್ಚು ಹಳೆಯದಾಗುತ್ತಾ ಬಂದು, ಈಚಿನ ಕಿಟ್‌ಗಳಲ್ಲಿ ಅಂಚಿನ ಸಿಬಿರು ಜಾಸ್ತಿ. ಹೊಸ ಬ್ಲೇಡಿನಿಂದ ಹತ್ತು ನಿಮಿಷ ಕೆರೆಯಬೇಕು. ಸೂಚನೆಯ ಹಾಳೆಯಂತೂ ತೀರಾ ಬಡವಾಗಿದೆ. ಬ್ರೇಕಿನ ಭಾಗವನ್ನು ಅದನ್ನು ಓದಿ ಕೂಡಿಸಲಾಗದು, ಅಸಲಿ ಗಾಡಿಯ ಫೋಟೋ ಮುಂದಿಟ್ಟುಕೊಳ್ಳಬೇಕು.

ಇದನ್ನು ಕಲಿಸಿದವರು ಕ್ಲಬ್ಬಿನ ಹಿರಿಯರೊಬ್ಬರು, ಹರೆಯದಲ್ಲಿ ರೈಲ್ವೆ ಯಾರ್ಡಿನಲ್ಲಿ ಡಬ್ಬಿಗಳನ್ನು ಜೋಡಿಸಿ ಬಿಡಿಸುವ ಶಂಟರ್ ಆಗಿದ್ದವರು. ನನ್ನ ಮೊದಲ ವ್ಯಾಗನ್ನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಂದು ಪಕ್ಕ ನೋಡಿ, ತಿರುಗಿಸಿ ಇನ್ನೊಂದು ಪಕ್ಕ ನೋಡಿ, ಸುಮ್ಮನೆ ಕೆಳಗಿಟ್ಟರು. ಆಮೇಲೆ ಹೇಳಿದರು: ಯಾವ ಪಕ್ಕದಲ್ಲಿ ಎದುರು ನಿಂತರೂ ಬ್ರೇಕಿನ ಸನ್ನೆಕೋಲಿನ ಹಿಡಿ ಬಲಗೈ ಕಡೆಯೇ ಇರಬೇಕು. ಕತ್ತಲಲ್ಲಿ, ಮಳೆಯಲ್ಲಿ, ಓಡುವ ಗಾಡಿಯ ಪಕ್ಕದಲ್ಲಿ ಕೈ ಚಾಚಿದವನಿಗೆ ಅದು ಅಲ್ಲೇ ಸಿಗಬೇಕು. ನಾನು ಒಂದು ಪಕ್ಕದಲ್ಲಿ ಎಡಕ್ಕೆ ಅಂಟಿಸಿದ್ದೆ. ಎರಡು ಸೆಂಟಿಮೀಟರಿನ ಪ್ಲಾಸ್ಟಿಕ್ ಕಡ್ಡಿಯ ಹಿಂದೆ ಒಬ್ಬ ಮನುಷ್ಯನ ಕೈ ಇದೆ ಎಂಬುದು ಆ ಸಂಜೆ ತಿಳಿಯಿತು. ಅಂದಿನಿಂದ ಆ ಸನ್ನೆ ಅಂಟಿಸುವಾಗ ಅವಸರ ಮಾಡಿಲ್ಲ.

ಕೂಡಿಸುವಾಗ ಎಲ್ಲಕ್ಕಿಂತ ಮುಖ್ಯವಾದದ್ದು ನಾಲ್ಕೂ ಗಾಲಿ ಏಕಕಾಲಕ್ಕೆ ಹಳಿ ಮುಟ್ಟುವುದು. ನಾನು ದಪ್ಪ ಗಾಜಿನ ತುಂಡಿನ ಮೇಲೆ ಕೂಡಿಸುತ್ತೇನೆ. ಮೊದಲು ಒಂದು ತೊಲೆ ಅಂಟಿಸಿ ಒಣಗಲು ಬಿಡುತ್ತೇನೆ. ಎರಡನೆಯದಕ್ಕೆ ದ್ರಾವಕ ಹಚ್ಚಿ, ಗಾಲಿ ಕೂರಿಸಿ, ಗಾಜಿನ ಮೇಲಿಟ್ಟು ಮೇಲಿಂದ ಮೆಲ್ಲಗೆ ಒತ್ತುತ್ತೇನೆ. ಪ್ಲಾಸ್ಟಿಕ್ ಇನ್ನೂ ಮೆತ್ತಗಿರುವ ಆ ಒಂದೆರಡು ನಿಮಿಷದಲ್ಲಿ ಸೊಟ್ಟ ತಾನೇ ಸರಿಹೋಗುತ್ತದೆ. ನಾಳೆ ನೋಡಿದರಾಯಿತು ಅಂದುಕೊಂಡರೆ ಕೆಟ್ಟಿತು. ದ್ರಾವಕದ ಹಬೆ ತಲೆಗೆ ಏರುತ್ತದೆ, ಎಷ್ಟೇ ಚಳಿಯಿದ್ದರೂ ಕಿಟಕಿ ತೆರೆದಿಡಿ. ಹಿತ್ತಾಳೆಯ ಬಟ್ಟಲನ್ನಂತೂ ಬಿಡಲೇಬೇಡಿ. ಆರಂಭದಲ್ಲಿ ಮೂರು ವ್ಯಾಗನ್ನಿಗೆ ಹಾಕದೆ ಓಡಿಸಿದೆ. ಐದು ವರ್ಷದಲ್ಲಿ ಉಕ್ಕಿನ ಮೊನೆ ಪ್ಲಾಸ್ಟಿಕ್ ಕೊರೆದು, ಡಬ್ಬಿ ಒಂದು ಕಡೆ ಕುಸಿದು, ಡಬ್ಬಿಗಳನ್ನು ಕೂಡಿಸುವ ಕೊಂಡಿಯ, ಅಂದರೆ ಕಪ್ಲಿಂಗಿನ, ಎತ್ತರ ತಪ್ಪಿತು.

ಈಗ ತೂಕದ ವಿಷಯ. ಖಾಲಿ ಕಿಟ್ ಹಗುರ, ಸಾಲಿನ ಮುಂದುಗಡೆ ಸಿಕ್ಕಿಸಿದರೆ ತಿರುವಿನಲ್ಲಿ ಹಿಂದಿನ ಸಾಲಿನ ಭಾರ ಅದನ್ನು ಒಳಕ್ಕೆ ಎಳೆದು ಬೀಳಿಸುತ್ತದೆ. ಅಚ್ಚಿಗೆ 25 ಗ್ರಾಂ, ಅಂದರೆ ವ್ಯಾಗನ್ನಿಗೆ 50 ಗ್ರಾಂ ನಮ್ಮ ಕ್ಲಬ್ಬಿನ ನಿಯಮ. ಎಂಟು ವ್ಯಾಗನ್ನುಗಳಿಗೆ ನಾನು ನೆಲದಡಿಯ ಸಂದಿಯಲ್ಲಿ ಸಾಸಿವೆ ಗಾತ್ರದ ಸೀಸದ ಗುಂಡು ತುಂಬಿ, ಬಿಳಿ ಪಿವಿಎ ಗೋಂದು ಸುರಿದೆ. ಅಂದವಾಗಿ ಕೂತಿತು. ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷ ಒಂದೊಂದಾಗಿ ಹಳಿ ತಪ್ಪತೊಡಗಿದವು. ಗಾಲಿ ಅಳೆದೆ, ಸರಿ. ಹಳಿಯ ಜೋಡಣೆ ನೋಡಿದೆ, ಸರಿ. ಕೊನೆಗೆ ಗಾಜಿನ ಮೇಲಿಟ್ಟಾಗ ಕಂಡದ್ದು, ನೆಲವೇ ಮೇಲಕ್ಕೆ ಉಬ್ಬಿ ತೊಲೆಗಳು ಹೊರಕ್ಕೆ ವಾಲಿದ್ದವು. ಪಿವಿಎ ಗೋಂದಿನಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ನಿಧಾನಕ್ಕೆ ತಿನ್ನುತ್ತದೆ, ಬಿಳಿ ಪುಡಿ ಕಟ್ಟುತ್ತದೆ, ಆ ಪುಡಿಗೆ ಸೀಸಕ್ಕಿಂತ ಹೆಚ್ಚು ಜಾಗ ಬೇಕು. ಪ್ಲಾಸ್ಟಿಕ್ ಎಷ್ಟು ತಡೆದೀತು? ಎಂಟೂ ಹೋದವು. ನಾನು ಕಟ್ಟಿದ್ದರಲ್ಲಿ ಈಗ ಓಡದಿರುವ ಎಂಟು ಅವೇ. ಕಿಟ್‌ನ ದೋಷವಲ್ಲ ಇದು, ಆದರೂ ಇಷ್ಟುದ್ದ ಬರೆಯುತ್ತಿರುವುದು ಯಾಕೆಂದರೆ ಈ ಕೇಡು ಕೂಡಿಸಿದ ದಿನ ಕಾಣುವುದಿಲ್ಲ, ಮೊದಲ ಪ್ರದರ್ಶನದಲ್ಲೂ ಕಾಣುವುದಿಲ್ಲ. ಈಗ ಸೀಸದ ಹಾಳೆಯನ್ನು ಕತ್ತರಿಸಿ ಎಪಾಕ್ಸಿಯಿಂದ ಅಂಟಿಸುತ್ತೇನೆ, ಕೆಲಸ ಮುಗಿದ ಮೇಲೆ ಕೈ ಸೋಪು ಹಾಕಿ ತೊಳೆಯುತ್ತೇನೆ. ಉಕ್ಕಿನ ವಾಷರ್ ಹಾಕಬಹುದಲ್ಲ ಅಂತ ಕೇಳುತ್ತಾರೆ. ನಮ್ಮಲ್ಲಿ ಕಪ್ಲಿಂಗ್ ಬಿಡಿಸಲು ಹಳಿಯಡಿ ಅಯಸ್ಕಾಂತ ಇದೆ. ಉಕ್ಕಿನ ಅಚ್ಚಿಗೇ ಹಗುರ ವ್ಯಾಗನ್ ಅದರ ಮೇಲೆ ತಟಕ್ಕನೆ ಮುಂದಕ್ಕೆ ಜಿಗಿಯುತ್ತದೆ, ವಾಷರೂ ಸೇರಿದರೆ ಕೇಳಬೇಡಿ.

ಗಾಲಿಗಳ ಒಳಮೈ ಅಂತರ 14.5 ಮಿಮೀ ಇರಬೇಕು. ಹೊಸ ಪೆಟ್ಟಿಗೆಯ ಹತ್ತು ಜೊತೆಯಲ್ಲಿ ಒಂದೆರಡು ಬಿಗಿಯಾಗಿ ಬರುತ್ತವೆ, ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ಹಾರುವುದು ಅವೇ. ಗೇಜು ಇಟ್ಟು ನೋಡಿ, ತಿರುಚಿ ಎಳೆದರೆ ಸರಿಯಾಗುತ್ತದೆ.

ಬಣ್ಣದ ಕೆಲಸದಲ್ಲಿ ನನಗೆ ಹೆಚ್ಚು ಖುಷಿ. ಕಲ್ಲಿದ್ದಲು ಬಿದ್ದು ಬಿದ್ದು ಈ ಡಬ್ಬಗಳ ಬಣ್ಣ ಬೇಗ ಎದ್ದುಹೋಗುತ್ತಿತ್ತು. ಹಾಗಾಗಿ ಮೊದಲು ಒಳಗೂ ಹೊರಗೂ ತುಕ್ಕಿನ ಕಂದು, ಅದು ಒಣಗಿದ ಮೇಲೆ ಅಲ್ಲಲ್ಲಿ ಸ್ಪಂಜಿನಿಂದ ರಬ್ಬರಿನಂಥ ಮಾಸ್ಕಿಂಗ್ ದ್ರವ, ಅದರ ಮೇಲೆ ಬೂದು ಬಣ್ಣ. ಮರುದಿನ ಬೆರಳಿನಿಂದ ಉಜ್ಜಿದರೆ ದ್ರವ ಎದ್ದುಬಂದು ತುಕ್ಕು ಇಣುಕುತ್ತದೆ. ಟ್ರಾನ್ಸ್‌ಫರ್ ಹಾಕುವ ಜಾಗಕ್ಕೆ ಮೊದಲು ಹೊಳಪಿನ ವಾರ್ನಿಷ್ ಬಳಿಯಿರಿ, ಇಲ್ಲದಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತದೆ. ಕಿಟ್‌ನ ಜೊತೆ ಬರುವ ಅಕ್ಷರಗಳು ಸಾಕಷ್ಟು ತೆಳು, ಹನ್ನೊಂದು ವರ್ಷದಲ್ಲಿ ಹಳದಿಯಾಗಿಲ್ಲ. ಆದರೆ ಒಂದೇ ಸಂಖ್ಯೆ ಪ್ರತಿ ಪೆಟ್ಟಿಗೆಯಲ್ಲೂ ಬರುತ್ತದೆ, ಅಂಕಿ ಕತ್ತರಿಸಿ ಬದಲಿಸಬೇಕು. ಹೊರೆಗೆ ಹಾಕಿದ್ದು ಅಸಲಿ ಕಲ್ಲಿದ್ದಲು. ಆ ಹಿರಿಯರು ತಮ್ಮ ಮನೆಯ ಶೆಡ್ಡಿನಿಂದ ಒಂದು ಹೆಂಟೆ ತಂದುಕೊಟ್ಟರು, ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿ ಜರಡಿ ಹಿಡಿದೆ. ಬಣ್ಣ ಬಳಿದ ಯಾವ ಪುಡಿಗೂ ಆ ಮಿರುಗು ಬಾರದು.

ಬಾಳಿಕೆ ಹೇಗಿದೆ ಅಂದರೆ, ಡಬ್ಬ ಗಟ್ಟಿ, ಕೆಳಗಿನ ಸೂಕ್ಷ್ಮ ಭಾಗ ನಾಜೂಕು. ಪ್ರದರ್ಶನಕ್ಕೆ ಒಯ್ದು ತಂದು, ಸಾಲು ಎತ್ತಿಟ್ಟು ಇಳಿಸಿ, ಬ್ರೇಕಿನ ಸನ್ನೆಗಳು ವರ್ಷಕ್ಕೆ ನಾಲ್ಕೈದಾದರೂ ಮುರಿಯುತ್ತವೆ. ಈಗ ಮುರಿದಲ್ಲೆಲ್ಲ ಎಚಿಂಗ್ ಮಾಡಿದ, ಅಂದರೆ ರಾಸಾಯನಿಕದಿಂದ ಕೊರೆದ, ಹಿತ್ತಾಳೆಯದು ಹಾಕುತ್ತಿದ್ದೇನೆ. ನೋಡಲು ತೆಳುವಾಗಿ ಚೆಂದ, ಬಾಗಿದರೂ ಮುರಿಯದು. ಬಫರ್ ತಲೆ ಎರಡು ಕಳೆದುಹೋದವು.

ಇಂಥದೇ ವ್ಯಾಗನ್ ಕಟ್ಟಿ ಬಣ್ಣ ಬಳಿದು ಸಿದ್ಧವಾಗಿಯೇ ಸಿಗುತ್ತದೆ, ಅಚ್ಚುಕಟ್ಟಾಗಿಯೂ ಇದೆ. ಮನೆಯಲ್ಲಿ ಐದಾರು ಡಬ್ಬಿ ಓಡಿಸುವವರು ಅದನ್ನೇ ಕೊಳ್ಳಿ, ಸಂಕೋಚ ಬೇಡ. ಆದರೆ ಕ್ಲಬ್ಬಿನಲ್ಲಿ ಎರಡು ದಿನ ಬೆಳಗಿನಿಂದ ಸಂಜೆವರೆಗೆ ಓಡುವ ಸಾಲಿಗೆ ನನಗೆ ಕಿಟ್ಟೇ ಬೇಕು. ಪ್ರತಿ ಜೋಡಣೆ ನನ್ನ ಕೈಯದು, ಕೆಟ್ಟರೆ ಎಲ್ಲಿ ಬಿಚ್ಚಬೇಕೆಂದು ಗೊತ್ತು. ಕಳೆದ ವಸಂತದ ಪ್ರದರ್ಶನದಲ್ಲಿ 26 ವ್ಯಾಗನ್ನು, ಕೊನೆಯಲ್ಲಿ ಗಾರ್ಡಿನ ಡಬ್ಬಿಯಾದ ಬ್ರೇಕ್ ವ್ಯಾನು, ಎರಡು ಮೀಟರಿಗೂ ಮಿಕ್ಕಿದ ಸಾಲು ಎರಡು ದಿನದಲ್ಲಿ ಒಂದೇ ಸಲ ಹಳಿ ತಪ್ಪಿತು. ತಪ್ಪಿದ್ದು ಹನ್ನೆರಡನೆಯದು. ಅದನ್ನು ಗಾಜಿನ ಮೇಲಿಟ್ಟು ನೋಡಿದೆ, ಹಿಂದಿನ ಎಡಗಾಲಿ ಕಾಗದದಷ್ಟು ಮೇಲಿದೆ. ಈ ಭಾನುವಾರ ಆ ತೊಲೆ ಬಿಡಿಸಿ ಮತ್ತೆ ಕೂರಿಸಬೇಕು.