ಜೋಲಿಯೋ, ಮಟ್ಟಸ ಹಾಸಿಗೆಯೋ?

ಜೂನ್ ಬಂತೆಂದರೆ ಮಡಿಕೇರಿಯಲ್ಲಿ ರಾತ್ರಿಯಿಡೀ ಹೆಂಚಿನ ಮೇಲೆ ಮಳೆಯ ಸದ್ದು. ಮಗು ಮತ್ತೆ ಮತ್ತೆ ಏಳುತ್ತದೆ. ಸೀರೆಯ ಜೋಲಿ ಕಟ್ಟೋಣವಾ, ಮಂಚದ ಪಕ್ಕ ಬೇರೆ ಹಾಸಿಗೆ ಹಾಕೋಣವಾ?

ಜೋಲಿಯಲ್ಲಿ ಮಗು ಬೇಗ ಮಲಗುತ್ತದೆ, ನಿಜ. ಆದರೆ ಜೋಲಿ ಬಾಗಿರುತ್ತದೆ. ಎಳೆ ಮಗುವಿನ ಗದ್ದ ಎದೆಗೆ ಒತ್ತಿಕೊಂಡರೆ ಉಸಿರಾಟಕ್ಕೆ ಕಷ್ಟ. ನಡುರಾತ್ರಿ ಎಚ್ಚರವಾದಾಗಲೂ ಅದು ತೂಗಾಟವನ್ನೇ ಕೇಳುತ್ತದೆ, ಅಲ್ವಾ?

ಗಟ್ಟಿಯಾದ ಮಟ್ಟಸ ಹಾಸಿಗೆಗೆ ಒಗ್ಗಲು ದಿನ ಬೇಕು. ಮೊದಮೊದಲು ಅಳು ಜಾಸ್ತಿ. ಆದರೂ ನನ್ನ ಆಯ್ಕೆ ಇದೇ. ವರ್ಷ ತುಂಬುವವರೆಗೆ ಅಂಗಾತ ಮಲಗಿಸಿ. ದಿಂಬು ಬೇಡ, ಸಡಿಲ ಕಂಬಳಿಯೂ ಬೇಡ. ಕನಿಷ್ಠ 6 ತಿಂಗಳು ನಿಮ್ಮ ಕೋಣೆಯಲ್ಲೇ, ಬೇರೆ ಹಾಸಿಗೆಯಲ್ಲಿರಲಿ. ನಾಲ್ಕೈದು ತಿಂಗಳಾದ ಮೇಲೆ, ತೂಕಡಿಸುವಾಗಲೇ ಮಲಗಿಸಿದರೆ ತಾನಾಗಿ ನಿದ್ದೆಗೆ ಜಾರುವುದನ್ನು ಕಲಿಯುತ್ತದೆ. ಅಜ್ಜಿಗೆ ಜೋಲಿಯೇ ಇಷ್ಟವಾದರೆ ಹಗಲಲ್ಲಿ ಕಣ್ಣೆದುರು ತೂಗಲಿ, ನಿದ್ದೆ ಬಂದ ಕೂಡಲೇ ಹಾಸಿಗೆಗೆ ಎತ್ತಿ ಮಲಗಿಸಿ.

ಚಳಿಗೆ ಒಂದರ ಮೇಲೊಂದು ಹತ್ತಿ ಬಟ್ಟೆ ಸಾಕು. ಬೆವರಿದರೆ ಒಂದು ತೆಗೆಯಿರಿ. ಜೋಲಿಯಿರಲಿ, ಹಾಸಿಗೆಯಿರಲಿ, ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಖಂಡಿತ ಇಡಬೇಡಿ. ಕೆಂಡದಿಂದ ಹೊರಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ನಿದ್ದೆ ಬರಲೆಂದು ಜೇನು ನೆಕ್ಕಿಸುವುದೂ ಬೇಡ. ನಮ್ಮ ಕೊಡಗಿನ ಜೇನು ಎಷ್ಟೇ ಒಳ್ಳೆಯದಿರಲಿ, ವರ್ಷದೊಳಗಿನ ಮಗುವಿಗೆ ಅದರಿಂದ ಬೊಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು.

ಮೊದಲ ಮೂರು ತಿಂಗಳು ಮಾತ್ರ ಎಲ್ಲಿ ಮಲಗಿಸಿದರೂ ಮಗು ರಾತ್ರಿ ಏಳುವುದು ತಪ್ಪದು. ಹೊಟ್ಟೆ ಪುಟ್ಟದು, ಹಾಲಿಗೆ ಏಳಲೇಬೇಕು.